ಜೋಡಿಸಿಟ್ಟ ಚಪ್ಪಲಿಗಳು

ಶಿವಾಜಿನಗರ, ಬೆಂಗಳೂರು
20 ಏಪ್ರಿಲ್ 2025

ಶ್ವೇತ ಮಿಸ್‌ಗೆ ತಾಹೇರಾಳ ಸಲಾಂ.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಸೈಫ್ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ, ಕೇಳಿದರೆ ನನಗೂ ಕೊಡುವುದಿಲ್ಲ. ಓದಲು ಬರದಿದ್ದರೇನು, ಕವರಿನ ಮೇಲೆ ನಿಮ್ಮ ಅಕ್ಷರ ಕಂಡ ಕೂಡಲೇ 'ಮಿಸ್, ಮಿಸ್' ಎಂದು ಮನೆಯೆಲ್ಲ ಕುಣಿದ. ಇಪ್ಪತ್ತೊಂದು ವರ್ಷದ, ಗಡ್ಡ ಬಂದ ಗಂಡಸು ಹೀಗೆ ಕುಣಿದರೆ ಕೆಳಗಿನ ಮನೆಯವರು ಸೂರು ತಲೆಯ ಮೇಲೆ ಬಿತ್ತು ಎಂದುಕೊಳ್ಳುತ್ತಾರೆ.

ನನ್ನ ತಂಗಿ ಕೇಳುತ್ತಾಳೆ, 'ಕೈಯಲ್ಲಿ ಫೋನ್ ಇಟ್ಕೊಂಡು ಇದೇನು ನಿಮ್ಮಿಬ್ರಿಗೂ ಕಾಗದದ ಹುಚ್ಚು?' ನಾನೆಂದೆ, 'ಫೋನ್ ಮಾಡ್ಬಿಟ್ರೆ ಸೈಫ್‌ಗೆ ಏನು ಕೆಲಸ ಉಳಿಯುತ್ತೆ?' ಹಲಸೂರಿನ ವಿಶೇಷ ಮಕ್ಕಳ ಶಾಲೆಯಲ್ಲಿ ಒಂಬತ್ತು ವರ್ಷ ಅವನ ಹಿಂದೆ ಬಿದ್ದು ನೀವು ಕಲಿಸಿದ ಕೆಲಸಗಳಲ್ಲಿ ಅವನು ಪೂರ್ತಿ ತನ್ನದು ಮಾಡಿಕೊಂಡದ್ದು ಇದೊಂದೇ. ಸ್ಟಾಂಪು ಅಂಟಿಸಬೇಕು, ಕೆಂಪು ಡಬ್ಬಿಗೆ ಹಾಕಬೇಕು, ಹಾಕಿದ ಮೇಲೆ ಡಬ್ಬಿಯ ತಲೆಗೆ ಎರಡು ಸಲ ತಟ್ಟಬೇಕು. ಗಂಡನ ವರ್ಗಾವಣೆಯಾಗಿ ನೀವು ಕಲಬುರಗಿಗೆ ಹೊರಟ ದಿನ 'ನೀನು ಹಾಕಿದ ಪ್ರತಿ ಕಾಗದಕ್ಕೂ ಉತ್ತರ ಬರೀತೀನಿ' ಎಂದು ಅವನಿಗೆ ಮಾತು ಕೊಟ್ಟಿರಿ. ಈಗ ಅನುಭವಿಸಿ.

ಒಂದು ಸಿಹಿ ಸುದ್ದಿ ಇದೆ. ಸೈಫ್ ಹೊಸ ಕೆಲಸ ಕಲಿತಿದ್ದಾನೆ, ಅದೂ ಯಾರೂ ಹೇಳಿಕೊಡದೆ. ಈದ್ ಮಾರನೆಯ ದಿನ ಮನೆ ತುಂಬ ನೆಂಟರಿದ್ದರು. ಊಟ ಆದ ಮೇಲೆ ಇವನು ಸದ್ದಿಲ್ಲದೆ ಎದ್ದು ಬಾಗಿಲಿಗೆ ಹೋದ. ಎಲ್ಲಿಗೆ ಹೋದನಪ್ಪ ಎಂದು ನೋಡಿದರೆ ಹೊಸ್ತಿಲಾಚೆ ಕುಕ್ಕರುಗಾಲಲ್ಲಿ ಕೂತು ಎಲ್ಲರ ಚಪ್ಪಲಿಗಳನ್ನು ಜೋಡಿಸುತ್ತಿದ್ದ. ಎಡದ ಪಕ್ಕಕ್ಕೆ ಬಲ, ಬೆರಳ ಕಡೆ ಗೋಡೆಗೆ, ಹಗ್ಗ ಹಿಡಿದು ಇಟ್ಟಷ್ಟು ನೇರ. ಆಮೇಲಿಂದ ವಾರಕ್ಕೆ ಎರಡು ಮೂರು ಸಲ ಮಾಡುತ್ತಿದ್ದಾನೆ. ಹೋದ ಶುಕ್ರವಾರ ಅಬ್ಬಾ ಜೊತೆ ಮಸೀದಿಗೆ ಹೋದವನು ಮೆಟ್ಟಿಲ ಮೇಲಿದ್ದ ಚಪ್ಪಲಿಗಳನ್ನೆಲ್ಲ ಸಾಲಾಗಿ ಇಟ್ಟುಬಿಟ್ಟನಂತೆ. ಹಿರಿಯರೊಬ್ಬರು ತಲೆ ಮೇಲೆ ಕೈಯಿಟ್ಟು 'ನಿನ್ನಂಥ ಮಗ ಎಲ್ಲರಿಗೂ ಹುಟ್ಟಲಿ' ಅಂದರಂತೆ. ನಮ್ಮ ಮನೆಯವರು ಅದನ್ನು ನನಗೆ ಐದು ಸಲ ಹೇಳಿದರು. ಮಗನ ವಿಷಯದಲ್ಲಿ ಇಂಥ ಮಾತು ನಮ್ಮ ಜಿಯಾವುಲ್ಲಾ ಸಾಹೇಬರ ಕಿವಿಗೆ ಬಿದ್ದದ್ದು ಇದೇ ಮೊದಲು.

ಅವನಿಗೆ ನಾಲ್ಕು ವರ್ಷವಿದ್ದಾಗ ಒಬ್ಬ ಡಾಕ್ಟರು 'ಇವನ ಕೈಲಿ ಏನೂ ಆಗಲ್ಲ, ಆಸೆ ಇಟ್ಕೋಬೇಡಿ' ಎಂದಿದ್ದರು. ಆ ಡಾಕ್ಟರ ಚಪ್ಪಲಿ ಸಿಕ್ಕಿದ್ದರೆ ಅದನ್ನೂ ಜೋಡಿಸಿ ಇಡಿಸುತ್ತಿದ್ದೆ.

ಊಟ ಮಾತ್ರ ಕಡಿಮೆ ಮಾಡಿದ್ದಾನೆ. ಬಿರಿಯಾನಿ ಮುಂದಿಟ್ಟರೆ 'ನಕ್ಕೋ' ಎಂದು ತಟ್ಟೆ ತಳ್ಳುತ್ತಾನೆ. ಬಿಸಿಲಿಗೆ ಇರಬೇಕು. ಹೊಟ್ಟೆ ಸ್ವಲ್ಪ ಕರಗಿದರೆ ಒಳ್ಳೆಯದೇ.

ತಾಹೇರಾ


ಕಲಬುರಗಿ
1 ಮೇ 2025

ತಾಹೇರಾ ಆಪಾ, ನಮಸ್ಕಾರ.

ನಿಮ್ಮ ಕಾಗದವನ್ನು ನಮ್ಮ ಯಜಮಾನರು ಭೀಮಾಶಂಕರ ಅವರಿಗೆ ಎರಡು ಸಲ ಓದಿ ಹೇಳಿದೆ. ಮೂರನೆಯ ಸಲ ಶುರುಮಾಡಿದಾಗ 'ನೀ ಅಲ್ಲಿಗೇ ಹೋಗಿ ಇದ್ದುಬಿಡು' ಅಂದರು.

ಸೈಫ್ ವಿಷಯ ಕೇಳಿ ನನಗೆಷ್ಟು ಸಂತೋಷವಾಗಿದೆಯೆಂದು ಹೇಳಲಾರೆ. ಹೇಳಿಕೊಟ್ಟದ್ದನ್ನು ಮಾಡುವುದು ಬೇರೆ, ತಾನಾಗಿ ಒಂದು ಕೆಲಸ ಹುಡುಕಿಕೊಳ್ಳುವುದು ಬೇರೆ. ನಮ್ಮ ಮಕ್ಕಳಲ್ಲಿ ಇದು ಬಹಳ ದೊಡ್ಡ ಹೆಜ್ಜೆ. ಈ ಅಭ್ಯಾಸ ಕೈತಪ್ಪಬಾರದು. ಒಂದು, ಅವನು ಮಾಡಿದ ಕೂಡಲೇ ಹೆಬ್ಬೆರಳು ಎತ್ತಿ ಹೊಗಳಿ, ಶಾಲೆಯಲ್ಲಿ ನಾನು ಮಾಡುತ್ತಿದ್ದ ಹಾಗೆ. ಎರಡು, ಮಾಡುವಾಗ ಯಾರೂ ತಡೆಯಬೇಡಿ. ಮೂರು, ಅಂಗಡಿಗೂ ಕರೆದುಕೊಂಡು ಹೋಗಿ. ನಾಲ್ಕು ಜನರ ನಡುವೆ ಅವನ ಕೆಲಸ ಎಂದು ಒಂದು ಇರಲಿ.

ಇನ್ನೊಂದು ಸಂಗತಿ ಬರೆಯೋಣವೆಂದುಕೊಂಡೆ. ಅದೇನೂ ಅಂಥ ಮುಖ್ಯವಲ್ಲ, ಬಿಡಿ.

ಇಲ್ಲಿನ ಬಿಸಿಲಿಗೆ ನೀರಿನ ಟ್ಯಾಂಕು ಕುದಿಯುತ್ತಿದೆ. ಸೈಫ್‌ಗೆ ಓದಿ ಹೇಳಿ: ಮಿಸ್‌ಗೆ ನೀನು ಹಾಕಿದ ಕಾಗದ ಸಿಕ್ಕಿತು, ಸ್ಟಾಂಪು ಸೊಟ್ಟಗಿರಲಿಲ್ಲ.

ಶ್ವೇತ


ಶಿವಾಜಿನಗರ
22 ಮೇ 2025

ಶ್ವೇತ ಮಿಸ್,

ನಿಮ್ಮ ಒಂದು, ಎರಡು, ಮೂರು ಎಲ್ಲ ಮಾಡಿದೆ. ನಿಮ್ಮ ಕಾಗದ ಬಂದರೆ ನನಗೇ ರಿಪೋರ್ಟ್ ಕಾರ್ಡ್ ಬಂದಂತೆ ಆಗುತ್ತದೆ.

ನಮ್ಮ ಮನೆಯವರ ಅಂಗಡಿ ನಿಮಗೆ ಗೊತ್ತಲ್ಲ, ಗುಂಡಿ, ಜಿಪ್ಪು, ಲೇಸು ಮಾರುವುದು. ಒಳಗೆ ಜಮಖಾನೆ ಹಾಸಿರುವುದರಿಂದ ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ಸೈಫ್ ಈಗ ಅಲ್ಲಿನ ಮೇಸ್ತ್ರಿ. ನಾವು ಹೆಬ್ಬೆರಳು ಎತ್ತುತ್ತೇವೆ, ಅವನೂ ತಿರುಗಿ ಎತ್ತುತ್ತಾನೆ. ಗಿರಾಕಿಗಳೂ ಎತ್ತುತ್ತಾರೆ. ಇಡೀ ಬೀದಿ ಹೆಬ್ಬೆರಳು ಎತ್ತಿಕೊಂಡು ಓಡಾಡುತ್ತಿದೆ.

ಒಂದೇ ಒಂದು ಮಾತು ಕೇಳಬೇಕು. ಮೊದಲು ವಾರಕ್ಕೆ ಎರಡು ಮೂರು ಸಲ ಇದ್ದದ್ದು ಈಗ ದಿನಕ್ಕೆ ಎರಡು ಮೂರು ಸಲ ಆಗಿದೆ. ಮಾಡುವಾಗ ಬೆವರುತ್ತಾನೆ. ಮಾತಾಡಿಸಿದರೆ ನನ್ನ ಕೈಯನ್ನೇ ತಳ್ಳುತ್ತಾನೆ. ಕೆಲಸದಲ್ಲಿ ಅಷ್ಟು ಮನಸ್ಸಿಟ್ಟಿದ್ದಾನೆ ಎಂದುಕೊಂಡೆ. ಸರಿ ತಾನೇ?

ತಾಹೇರಾ


ಕಲಬುರಗಿ
30 ಮೇ 2025

ಆಪಾ,

ಸರಿಯೇ. ಒಂದು ಕೆಲಸ ಹಿಡಿದರೆ ಬಿಡದೆ ಮಾಡುವುದು ಸೈಫ್‌ನ ಸ್ವಭಾವ. ಮಣಿ ಪೋಣಿಸುವಾಗಲೂ ಹಾಗೇ ಇದ್ದ. ಯೋಚನೆ ಮಾಡಬೇಡಿ. ಅತ್ತೆಗೆ ಹುಷಾರಿಲ್ಲದ ಕಾರಣ ಇಷ್ಟೇ ಬರೆಯುತ್ತಿದ್ದೇನೆ.

ಶ್ವೇತ


ಕಲಬುರಗಿ
22 ಜೂನ್ 2025

ಆಪಾ,

ತಿಂಗಳಾಯಿತು, ಸೈಫ್ ಕಾಗದ ಹಾಕಿಲ್ಲ. ಫೋನ್ ಹೊಡೆದುಕೊಂಡು ನಿಂತುಹೋಗುತ್ತದೆ. ನನ್ನ ಮೇಲೆ ಸಿಟ್ಟಿದ್ದರೆ ಬೈದಾದರೂ ಬರೆಯಿರಿ.

ಶ್ವೇತ


ಶಿವಾಜಿನಗರ
29 ಜೂನ್ 2025

ಶ್ವೇತ ಮಿಸ್,

ಈ ಕಾಗದ ಡಬ್ಬಿಗೆ ಹಾಕುವವರು ಸೈಫ್ ಅಲ್ಲ, ಅವನ ಅಬ್ಬಾ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಅಳು ಬರುತ್ತದೆ. ಕಾಗದವಾದರೆ ಮಧ್ಯೆ ನಿಲ್ಲಿಸಿ ಮುಖ ತೊಳೆದು ಬರಬಹುದು.

ಬಕ್ರೀದ್ ಆದ ಮೂರನೆಯ ದಿನ ಸೈಫ್‌ಗೆ ಜ್ವರ ಬಂತು. ವಾಂತಿ ಶುರುವಾಯಿತು, ಕಣ್ಣು ಅರಿಶಿನ ಹಚ್ಚಿದಂತೆ ಆಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು 'ಎಲ್ಲಿ ನೋವು?' ಎಂದರು, ಸೈಫ್ ಹೆಬ್ಬೆರಳು ಎತ್ತಿದ. 'ಹೊಟ್ಟೆ ನೋವಿದ್ಯಾ?' ಎಂದರು, ಹೆಬ್ಬೆರಳು ಎತ್ತಿದ. ನೋವಿಲ್ಲ ಎಂದು ಬರೆದುಕೊಂಡರು. ಇವನಿಗೆ ಮಾತು ಕಡಿಮೆ, ಬುದ್ಧಿ ಬೆಳೆದಿಲ್ಲ, ಹೆಬ್ಬೆರಳನ್ನು ನಂಬಬೇಡಿ ಎಂದು ನಾನು ಬಡಕೊಂಡೆ. 'ಅಮ್ಮ, ನೀವು ಹೊರಗೆ ಇರಿ' ಎಂದರು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಒಂದು ಪೂರ್ತಿ ದಿನ ಕಳೆದಿತ್ತು. ಪಿತ್ತಕೋಶದ ತುಂಬ ಕಲ್ಲು, ಒಳಗೆ ಕೀವು.

ಅದು ಗಂಡಸರ ವಾರ್ಡು. ಭೇಟಿ ಸಮಯ ಮುಗಿದರೆ ಹೆಂಗಸರು ಇರುವ ಹಾಗಿಲ್ಲ, ತಾಯಿಯಾದರೂ ಇಲ್ಲ. ಎರಡನೆಯ ದಿನ ಸಂಜೆ ಐದಕ್ಕೆ ನನ್ನನ್ನು ಕೆಳಗೆ ಕಳಿಸಿದರು. ಇವರು ಜೊತೆಗಿದ್ದರು. ಸ್ವಲ್ಪ ಹೊತ್ತಿಗೆ ಇಂಜೆಕ್ಷನ್ ತನ್ನಿ ಎಂದು ಚೀಟಿ ಕೊಟ್ಟು ಇವರನ್ನೂ ಮೆಡಿಕಲ್ ಸ್ಟೋರಿಗೆ ಓಡಿಸಿದ್ದಾರೆ. ಆ ಅರ್ಧ ಗಂಟೆಯಲ್ಲಿ ಸೈಫ್ ಗ್ಲೂಕೋಸಿನ ಸೂಜಿ ಕಿತ್ತುಕೊಂಡು ವಾರ್ಡಿನಿಂದ ಹೊರಗೆ ಓಡಿದನಂತೆ. ಬಾಗಿಲಲ್ಲಿ ಜನ ಬಿಟ್ಟಿದ್ದ ಚಪ್ಪಲಿಗಳ ಮಧ್ಯೆ ಕೂತಿದ್ದವನನ್ನು ಸೆಕ್ಯೂರಿಟಿಯವನು ಹಿಡಿದು ಎಳೆದು ತಂದನಂತೆ. ಸೈಫ್ ಒದ್ದಾಡಿದ್ದಾನೆ. ನಾಲ್ಕು ಜನ ಸೇರಿ ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದರು. ಇವರು ಬಂದು ಬಿಚ್ಚಿ ಎಂದರೆ, ಮತ್ತೆ ಓಡಿಹೋದರೆ ಯಾರು ಜವಾಬ್ದಾರಿ ಎಂದು ಗದರಿದರು.

ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟಾಗ ಹಾಗೇ ಕಟ್ಟಿತ್ತು. ಮಣಿಕಟ್ಟು ಕೆಂಪಗೆ ಉಬ್ಬಿತ್ತು. ನನ್ನನ್ನು ನೋಡಿ, ಮಿಸ್, ಕಟ್ಟಿದ ಕೈಯಲ್ಲೇ ಹೆಬ್ಬೆರಳು ಎತ್ತಿದ.

ಒಂಬತ್ತು ದಿನ ಇದ್ದೆವು. ಜ್ವರ ಇಳಿಯಿತು. ಸರ್ಜನ್ ಭೀಮೇಶ್ ಎಂದು, ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಾರೆ. 'ಈಗ ಕೀವು ಆರಲಿ. ಆರು ವಾರ ಬಿಟ್ಟು ಬನ್ನಿ, ಪಿತ್ತಕೋಶ ತೆಗೀಬೇಕು. ಬಿಟ್ರೆ ಮತ್ತೆ ಬರುತ್ತೆ, ಮುಂದಿನ ಸಲ ಜೀವಕ್ಕೇ ಕಷ್ಟ ಆಗ್ಬಹುದು' ಎಂದರು. ನಾನು ತಲೆಯಾಡಿಸಿದೆ. ಆಟೋ ಹತ್ತಿದ ಮೇಲೆ ಮನಸ್ಸಿನಲ್ಲಿ ತೀರ್ಮಾನ ಮಾಡಿದೆ, ಅವನನ್ನು ಮತ್ತೆ ಆ ಮಂಚದ ಮೇಲೆ ಮಲಗಿಸುವುದಿಲ್ಲ. ಪಥ್ಯ ಮಾಡಿಸುತ್ತೇನೆ, ನಾಟಿ ಔಷಧಿ ಕೊಡಿಸುತ್ತೇನೆ. ಅಲ್ಲಾಹ್ ಇದ್ದಾನೆ.

ಈಗ ಮಲಗುವಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಳ್ಳುತ್ತಾನೆ.

ತಾಹೇರಾ


ಕಲಬುರಗಿ
6 ಜುಲೈ 2025

ತಾಹೇರಾ ಆಪಾ,

ನಿಮ್ಮ ಕಾಗದ ಓದಿದೆ. ಅವನಿಗೆ ಹಾಗೆ ಮಾಡಬಾರದಿತ್ತು. ಅದರಲ್ಲಿ ಎರಡು ಮಾತಿಲ್ಲ.

ಆದರೂ ಆಪರೇಷನ್ ಬೇಡ ಎನ್ನಬೇಡಿ. ಒಂದು, ಕಲ್ಲು ನಾಟಿ ಔಷಧಿಗೆ ಕರಗುವುದಿಲ್ಲ. ಎರಡು, ಮೊದಲೇ ಹೋಗಿ ಡಾಕ್ಟರ ಜೊತೆ ಮಾತಾಡಿದರೆ ನಿಮಗೆ ಅವನ ಜೊತೆ ಇರಲು ಅನುಮತಿ ಕೊಡಿಸಬಹುದು, ಅದನ್ನು ಕೇಳುವುದು ನಿಮ್ಮ ಹಕ್ಕು. ಮೂರು, ಅವನ ಬಗ್ಗೆ ಒಂದು ಹಾಳೆ ಬರೆದು ಮಂಚದ ತಲೆಗೆ ಅಂಟಿಸಬಹುದು. ಅವನು ಏನು ಮಾಡಿದರೆ ಏನರ್ಥ, ಹೇಗೆ ಮಾತಾಡಿಸಬೇಕು ಎಂದು. ಯಾವ ಶಿಫ್ಟಿನ ನರ್ಸ್ ಬಂದರೂ ಓದಿಕೊಳ್ಳುತ್ತಾರೆ. ಹಾಳೆ ನಾನು ಬರೆದು ಕಳಿಸುತ್ತೇನೆ.

ಇನ್ನೂ ಬರೆಯುವುದಿದೆ. ಈಗ ಆಗುತ್ತಿಲ್ಲ.

ಶ್ವೇತ


ಶಿವಾಜಿನಗರ
14 ಜುಲೈ 2025

ಶ್ವೇತ ಮಿಸ್,

ಮತ್ತೆ ಒಂದು, ಎರಡು, ಮೂರು. ನೀವು ಅಲ್ಲಿರಲಿಲ್ಲ. ಕೆಳಗೆ ಬೆಂಚಿನ ಮೇಲೆ ಕೂತಿದ್ದವಳು ನಾನು. ಹಾಳೆ ಅಂಟಿಸಿದರೆ ಕಟ್ಟು ಬಿಚ್ಚುತ್ತಾರೆಯೇ? ಮಗನ ಪಕ್ಕದಲ್ಲಿ ನಿಂತು ಕೂಗಿದ ತಾಯಿಯ ಮಾತನ್ನೇ ಕೇಳದವರು ಗೋಡೆಯ ಮೇಲಿನ ಕಾಗದ ಓದುತ್ತಾರೆಯೇ? ಒಂಬತ್ತು ವರ್ಷ ನೀವು ಅವನಿಗೆ ಟೀಚರ್. ಅದನ್ನು ಮರೆಯುವುದಿಲ್ಲ. ಆದರೆ ಈ ವಿಷಯ ನನಗೆ ಬಿಡಿ.

ನೀವು ಹೆದರುವ ಹಾಗೆ ಏನೂ ಇಲ್ಲ. ಸೈಫ್ ಗೆಲುವಾಗಿದ್ದಾನೆ. ಆಸ್ಪತ್ರೆಯಿಂದ ಬಂದ ಮೇಲೆ ನಿಲ್ಲಿಸಿದ್ದ ಕೆಲಸ ಮತ್ತೆ ಶುರುಮಾಡಿದ್ದಾನೆ. ನಿನ್ನೆ ಒಂದೇ ದಿನ ನಾಲ್ಕು ಸಲ ಚಪ್ಪಲಿ ಜೋಡಿಸಿದ. ನಾನು ಮಿಠಾಯಿ ಹಂಚುವುದೊಂದು ಬಾಕಿ.

ತಾಹೇರಾ


ಕಲಬುರಗಿ
18 ಜುಲೈ 2025

ಆಪಾ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನೀವು ಫೋನ್ ಎತ್ತಲಿಲ್ಲ. ಜಿಯಾವುಲ್ಲಾ ಭಾಯ್‌ಗೆ ಮಾಡಿ, ಸೈಫ್‌ನನ್ನು ಇವತ್ತೇ ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳಿದ್ದೇನೆ. ಯಾಕೆ ಎಂಬುದನ್ನು ನಿಮಗೆ ನಾನೇ ಹೇಳಬೇಕು.

ಚಪ್ಪಲಿ ಜೋಡಿಸುವುದು ಅವನು ಕಲಿತ ಕೆಲಸವಲ್ಲ. ಅವನಿಗೆ ನೋವಾದಾಗ ಅವನು ಚಪ್ಪಲಿ ಜೋಡಿಸುತ್ತಾನೆ.

ಸೈಫ್‌ಗೆ ಹದಿಮೂರು ವರ್ಷವಿದ್ದಾಗ ಒಂದು ದಿನ ಶಾಲೆಯ ಬಾಗಿಲಲ್ಲಿ ಕೂತು ಎಲ್ಲ ಮಕ್ಕಳ ಶೂಗಳನ್ನು ಸಾಲಾಗಿ ಇಟ್ಟ. ನಾನು ಚಪ್ಪಾಳೆ ತಟ್ಟಿದೆ. ಮಾರನೆಯ ದಿನವೂ ಇಟ್ಟ, ಮತ್ತೆ ತಟ್ಟಿದೆ. ಮೂರನೆಯ ದಿನ ಅವನ ಕೆನ್ನೆ ಊದಿತ್ತು. ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಹಲ್ಲು ಕೀಳಿಸಿದ ಮೇಲೆ ಅವನು ಶೂಗಳನ್ನು ಮುಟ್ಟಲೇ ಇಲ್ಲ. ನಿಮಗೆ ಹಲ್ಲಿನ ವಿಷಯ ಹೇಳಿದೆ, ಶೂಗಳದ್ದು ಹೇಳಲಿಲ್ಲ. ಟೀಚರಾಗಿ ಎರಡು ದಿನ ಚಪ್ಪಾಳೆ ತಟ್ಟಿದೆ ಎಂದು ಹೇಳಲು ನಾಚಿಕೆಯಾಯಿತು.

ಏಪ್ರಿಲ್ ಕಾಗದ ಓದಿದಾಗ ಅದು ನೆನಪಾಯಿತು. ಬರೆಯಲು ಪೆನ್ನು ಎತ್ತಿದೆ. ನೀವು ಎಷ್ಟು ಸಂತೋಷದಲ್ಲಿ ಬರೆದಿದ್ದಿರಿ ಎಂದರೆ ಅದಕ್ಕೆ ನೀರು ಎರಚಲು ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ಅದಷ್ಟೇ ಅಲ್ಲ. ನನಗೂ ಅದು ಹೆಜ್ಜೆಯೇ ಆಗಿರಬೇಕಿತ್ತು. ನಾನು ಕಲಿಸಿದ ಹುಡುಗ ತಾನಾಗಿ ಒಂದು ಕೆಲಸ ಮಾಡಿದ ಎಂಬುದು ನನಗೆ ಬೇಕಿತ್ತು. ಮೇ ತಿಂಗಳಲ್ಲಿ ನೀವು 'ಸರಿ ತಾನೇ' ಎಂದು ಕೇಳಿದಿರಿ. ಬೆವರುತ್ತಾನೆ, ಕೈ ತಳ್ಳುತ್ತಾನೆ ಎಂದು ಬರೆದಿರಿ. ನಾನು ಸರಿ ಎಂದೆ. ನೋವು ಬಂದಾಗಲೆಲ್ಲ ಅವನನ್ನು ಹೊಗಳಿಸಿದವಳು, ಹೆಬ್ಬೆರಳು ಎತ್ತಲು ಕಲಿಸಿದವಳು ನಾನು.

ಆಪಾ, ಆಸ್ಪತ್ರೆಯಲ್ಲಿ ಅವನು ಓಡಿಹೋಗುತ್ತಿರಲಿಲ್ಲ. ಓಡುವವನು ಮೆಟ್ಟಿಲ ಕಡೆ ಹೋಗುತ್ತಿದ್ದ. ಅವನು ಚಪ್ಪಲಿಗಳ ಹತ್ತಿರ ಹೋಗಿ ಕೂತ. ನೋವಾಗುತ್ತಿದೆ ಎಂದು ಅವನಿಗೆ ಗೊತ್ತಿರುವ ಒಂದೇ ರೀತಿಯಲ್ಲಿ ಹೇಳುತ್ತಿದ್ದ. ಈಗಲೂ ಅದನ್ನೇ ಹೇಳುತ್ತಿದ್ದಾನೆ. ದಿನಕ್ಕೆ ನಾಲ್ಕು ಸಲ.

ನನ್ನನ್ನು ಏನು ಬೇಕಾದರೂ ಅನ್ನಿ, ಮುಂದೆ ಕಾಗದ ಬರೆಯದಿದ್ದರೂ ಸರಿ. ಅವನನ್ನು ಆಪರೇಷನ್‌ಗೆ ಕರೆದುಕೊಂಡು ಹೋಗಿ. ಈ ಹಾಳೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಭೀಮೇಶ್ ಡಾಕ್ಟರ ಕೈಗೆ ಕೊಡಿ.

'ನನ್ನ ಹೆಸರು ಸೈಫ್. ಮಾತು ಕಡಿಮೆ, ಆದರೆ ನೀವು ನಿಧಾನವಾಗಿ ಹೇಳಿದರೆ ಅರ್ಥವಾಗುತ್ತದೆ. ಮನೆಯಲ್ಲಿ ದಖನಿ, ಹೊರಗೆ ಕನ್ನಡ. ನಾನು ಹೆಬ್ಬೆರಳು ಎತ್ತಿದರೆ ಚೆನ್ನಾಗಿದ್ದೇನೆ ಎಂದಲ್ಲ, ನನ್ನನ್ನು ಬೈಯಬೇಡಿ ಎಂದು. ನೋವಾದರೆ ನಾನು ಅಳುವುದಿಲ್ಲ, ಚಪ್ಪಲಿ ಜೋಡಿಸುತ್ತೇನೆ. ಸೂಜಿ ಚುಚ್ಚುವ ಮೊದಲು ನನಗೆ ತೋರಿಸಿ. ಅಮ್ಮಿ ಪಕ್ಕದಲ್ಲಿದ್ದರೆ ಸುಮ್ಮನಿರುತ್ತೇನೆ. ದಯವಿಟ್ಟು ಕೈ ಕಟ್ಟಬೇಡಿ, ಆ ಕೈಯಲ್ಲೇ ನಾನು ಮಾತಾಡುವುದು.'

ಶ್ವೇತ


ಶಿವಾಜಿನಗರ
24 ಆಗಸ್ಟ್ 2025

ಶ್ವೇತ ಮಿಸ್,

ಐದು ವಾರ ಬರೆಯಲಿಲ್ಲ. ಮೊದಲೆರಡು ದಿನ ನಿಮ್ಮ ಮೇಲಿನ ಸಿಟ್ಟಿಗೆ ಕಾಗದವನ್ನು ಹರಿದು ಹಾಕೋಣ ಎನ್ನಿಸಿತು. ಅದರಲ್ಲಿ ಸೈಫ್‌ನ ಹಾಳೆ ಇದ್ದದ್ದರಿಂದ ಹರಿಯಲಿಲ್ಲ.

ಇವರು ನಿಮ್ಮ ಫೋನ್ ಬಂದ ದಿನವೇ ಡಾಕ್ಟರಿಗೆ ತೋರಿಸೋಣ ಎಂದಿದ್ದರು. 'ನಮ್ಮ ಮಿಸ್ ದೂರದಲ್ಲಿ ಕೂತು ಹೆದರ್ತಾ ಇದಾರೆ' ಎಂದು ನಾನೇ ತಡೆದಿದ್ದೆ. ಕಾಗದ ಬಂದ ದಿನ ಮಧ್ಯಾಹ್ನ ಊಟ ಮುಗಿಸಿ ಸೈಫ್ ಬಾಗಿಲಿಗೆ ಹೋದ. ನಾನು ಹೊಗಳಲಿಲ್ಲ. ಪಕ್ಕದಲ್ಲಿ ಕೂತು ಅವನ ಮುಖ ನೋಡಿದೆ. ಮಿಸ್, ಮೂರು ತಿಂಗಳಲ್ಲಿ ನಾನು ಚಪ್ಪಲಿ ನೋಡಿದ್ದೆ, ಮುಖ ನೋಡಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು. ಬಲಗಡೆ ಪಕ್ಕೆಯ ಕೆಳಗೆ ಮೆಲ್ಲಗೆ ಕೈಯಿಟ್ಟೆ, ಇಡೀ ಮೈ ಸೆಟೆದುಕೊಂಡಿತು. ಆಮೇಲೆ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದ. ನಾನು ಅವನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಅತ್ತೆ.

ಮಾರನೆಯ ಬೆಳಿಗ್ಗೆ ಹಾಳೆ ಹಿಡಿದುಕೊಂಡು ನಾನೊಬ್ಬಳೇ ಮೊದಲು ಆಸ್ಪತ್ರೆಗೆ ಹೋದೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಭೀಮೇಶ್ ಡಾಕ್ಟರು ನಿಂತುಕೊಂಡೇ ಓದಿದರು, ಆಮೇಲೆ ಕೂತು ಇನ್ನೊಂದು ಸಲ ಓದಿದರು. 'ಅವತ್ತು ನೋವಿಲ್ಲ ಅಂತ ಬರ್ಕೊಂಡಿದ್ದು ನಾವೇ ಅಲ್ವಾಮ್ಮ' ಎಂದರು. ನಾನು ರೆಡಿ ಮಾಡಿಕೊಂಡು ಹೋಗಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ವಾರ್ಡಿನ ಮೂಲೆಯ ಮಂಚ ಕೊಟ್ಟು, ಸುತ್ತ ಪರದೆ ಹಾಕಿಸಿ, ನಾನು ಇರಬಹುದು ಎಂದು ಬರೆದುಕೊಟ್ಟರು. ಆಪರೇಷನ್ ಥಿಯೇಟರಿನಲ್ಲಿ ಮತ್ತಿನ ಮದ್ದು ಏರುವವರೆಗೂ ಅವನ ಕೈ ನನ್ನ ಕೈಯಲ್ಲಿತ್ತು. ಮೊದಲು ಕೀವು ಆರಲು ಎರಡು ವಾರ ಔಷಧಿ ಕೊಟ್ಟು ಆಗಸ್ಟ್ ಎಂಟಕ್ಕೆ ಆಪರೇಷನ್ ಮಾಡಿದರು. ಇನ್ನು ಕೆಲವು ದಿನ ತಡವಾಗಿದ್ದರೆ ಒಳಗೇ ಒಡೆಯುತ್ತಿತ್ತಂತೆ.

ಆಮೇಲಿನದನ್ನು ನಿಮಗೆ ಹೇಳಲೇಬೇಕು. ಆ ವಾರ್ಡಿನ ಸಿಸ್ಟರ್ ನೂರುನ್ನೀಸಾ, ಟ್ಯಾನರಿ ರೋಡಿನ ಕಡೆಯವಳು, ಮಾತು ಖಡಕ್ಕು. ಹಾಳೆ ಓದಿದವಳೇ ನನ್ನನ್ನು ಕೇಳಿದಳು, 'ಮಂಚದಿಂದ ಏಳೋಕೆ ಆಗದೆ ಇರೋವಾಗ ಇವನು ಚಪ್ಪಲಿ ಹೇಗೆ ಜೋಡಿಸ್ತಾನೆ?' ನನಗೆ ಆ ಯೋಚನೆಯೇ ಬಂದಿರಲಿಲ್ಲ. ಅವಳು ಸೆಕ್ಯೂರಿಟಿಯವರನ್ನು ಕರೆದು ನಾಲ್ಕು ಜೊತೆ ರಬ್ಬರ್ ಚಪ್ಪಲಿ ತೊಳೆದು ತರಿಸಿದಳು. ಮಂಚದ ಪಕ್ಕ ಕೈಗೆಟುಕುವ ಹಾಗೆ ಸ್ಟೂಲು ಎಳೆದು, ಅದರ ಮೇಲೆ ಅವನ್ನು ಅಡ್ಡಾದಿಡ್ಡಿ ಎಸೆದಳು. ಮತ್ತಿನ ಮದ್ದು ಇಳಿದ ಮೇಲೆ ಸೈಫ್ ಕಣ್ಣುಬಿಟ್ಟು ಅವನ್ನೇ ನೋಡಿದ. ಕೈ ಚಾಚಿ ಎರಡು ಬೆರಳಲ್ಲಿ ಒಂದು ಚಪ್ಪಲಿಯನ್ನು ನೇರ ಮಾಡಿದ. ಇನ್ನೊಂದು, ಮತ್ತೊಂದು. ಸಿಸ್ಟರ್ ಫೋನಿನಲ್ಲಿ ಡಾಕ್ಟರಿಗೆ ಹೇಳಿದಳು, 'ಸರ್, ಮೂರು ಜೊತೆ ಜೋಡ್ಸಿದಾನೆ, ನೋವಿನ ಇಂಜೆಕ್ಷನ್ ಹಾಕ್ತೀನಿ.' ಡಾಕ್ಟರು ಏನೂ ಕೇಳಲಿಲ್ಲ, 'ಹಾಕಿ' ಎಂದರು. ಮಾರನೆಯ ದಿನ ಎರಡು ಜೊತೆ. ಮೂರನೆಯ ದಿನ ಒಂದು. ನಾಲ್ಕನೆಯ ದಿನ ಚಪ್ಪಲಿಗಳನ್ನು ಒಂದು ಸಲ ನೋಡಿ, ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಸಿಸ್ಟರ್ ಅದನ್ನು ಚಾರ್ಟಿನಲ್ಲಿ ಬರೆದಳು.

ಆ ಚಪ್ಪಲಿ ತಂದವರು ಯಾರು ಗೊತ್ತೇ? ಜೂನ್‌ನಲ್ಲಿ ಸೈಫ್‌ನನ್ನು ಎಳೆದು ತಂದ ಮುನಿನಾರಾಯಣಪ್ಪ. ಕೆ.ಆರ್. ಪುರದ ಕಡೆಯ ವಯಸ್ಸಾದ ಮನುಷ್ಯ. ಡಿಸ್ಚಾರ್ಜ್ ದಿನ ನನ್ನ ಹತ್ತಿರ ಬಂದು ಟೋಪಿ ತೆಗೆದು ನಿಂತರು. 'ಅವತ್ತು ಚಪ್ಪಲಿ ಮುಟ್ತಾವ್ನೆ ಅಂತ ಕಳ್ಳ ಅನ್ಕಂಡೆ ಕಣಮ್ಮ. ಮನೇಲಿ ಹೇಳ್ಕೊಂಡ್ರೆ ನನ್ ಹೆಂಡ್ರು ಆಂಜನಮ್ಮ ಎರಡು ದಿವ್ಸ ನನ್ ಜೊತೆ ಮಾತಾಡ್ಲಿಲ್ಲ' ಎಂದರು. ಸೈಫ್ ಅವರ ಕಡೆಗೆ ಹೆಬ್ಬೆರಳು ಎತ್ತಿದ. ಆ ಸಲ ಅದರ ಅರ್ಥ ಏನಿತ್ತೋ, ನನಗೆ ತಿಳಿಯಲಿಲ್ಲ.

ಇನ್ನು ನಿಮ್ಮ ವಿಷಯ. ನೀವು ಎರಡು ದಿನ ಚಪ್ಪಾಳೆ ತಟ್ಟಿದಿರಿ, ನಾನು ಮೂರು ತಿಂಗಳು ಮಿಠಾಯಿ ಹಂಚಲು ಓಡಾಡಿದೆ. ನಮ್ಮಿಬ್ಬರಿಗೂ ಅವನು ಏನಾದರೂ ಮಾಡಿ ತೋರಿಸಬೇಕಿತ್ತು. ಅವನು ಇದ್ದಾನೆ ಎನ್ನುವುದು ನಮಗೆ ಸಾಲದೆ ಹೋಯಿತು. ಸಿಟ್ಟು ಇನ್ನೂ ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಹಾಳೆ ಇಲ್ಲದಿದ್ದರೆ ಇವತ್ತು ಸಿಟ್ಟು ಮಾಡಲೂ ನನ್ನ ಹತ್ತಿರ ಏನೂ ಉಳಿದಿರುತ್ತಿರಲಿಲ್ಲ.

ಬರೆಯಿರಿ. ಒಂದು, ಎರಡು, ಮೂರು ಹಾಕಿಯೇ ಬರೆಯಿರಿ.

ತಾಹೇರಾ


ಶಿವಾಜಿನಗರ
21 ಸೆಪ್ಟೆಂಬರ್ 2025

ಶ್ವೇತ ಮಿಸ್,

ನಿಮ್ಮ ಕಾಗದ ಬಂತು. 'ಕ್ಷಮಿಸಿ' ಎಂದು ಐದು ಕಡೆ ಬರೆದಿದ್ದೀರಿ. ನಾಲ್ಕನ್ನು ವಾಪಸ್ ಕಳಿಸುತ್ತಿದ್ದೇನೆ, ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊನ್ನೆ ಶುಕ್ರವಾರ ಸೈಫ್ ಮತ್ತೆ ಮಸೀದಿಗೆ ಹೋದ. ಚಪ್ಪಲಿಗಳನ್ನು ತುಳಿದುಕೊಂಡೇ ಒಳಗೆ ಹೋದನಂತೆ. ಆ ಹಿರಿಯರು ಇವರನ್ನು ಕೇಳಿದರಂತೆ, 'ಏನ್ ಜಿಯಾವುಲ್ಲಾ, ನಿಮ್ಮ ಹುಡುಗ ಸೋಮಾರಿ ಆಗ್ಬಿಟ್ಟ?' ಇವರು 'ಹೌದು, ಅಲ್‌ಹಮ್ದುಲಿಲ್ಲಾಹ್' ಎಂದು ದೇವರಿಗೆ ಕೈಯೆತ್ತಿದರಂತೆ. ಹಿರಿಯರಿಗೆ ತಲೆಬುಡ ಅರ್ಥವಾಗಲಿಲ್ಲ.

ಇವತ್ತು ಭಾನುವಾರ, ನನ್ನ ತಂಗಿಯ ಮನೆಯವರೆಲ್ಲ ಊಟಕ್ಕೆ ಬಂದಿದ್ದಾರೆ. ಸೈಫ್ ಎರಡು ತಟ್ಟೆ ಬಿರಿಯಾನಿ ತಿಂದು ಈಗ ಸ್ಟಾಂಪು ಕೈಯಲ್ಲಿ ಹಿಡಿದು ನನ್ನ ಪಕ್ಕ ಕೂತಿದ್ದಾನೆ, ಬೇಗ ಮುಗಿಸು ಎಂದು ಮೊಣಕೈಯಿಂದ ತಿವಿಯುತ್ತಿದ್ದಾನೆ. ಬರೆಯುವ ಹಾಳೆ ತರಲು ಹೊರಗೆ ಹೋದಾಗ ಬಾಗಿಲಲ್ಲಿ ಹನ್ನೊಂದು ಜೊತೆ ಚಪ್ಪಲಿ ಇದ್ದವು. ಒಂದರ ಮೇಲೊಂದು, ಮಗುಚಿ, ಎಡದ್ದು ಮೆಟ್ಟಿಲ ಮೇಲೆ, ಬಲದ್ದು ಪಕ್ಕದ ಮನೆ ಬಾಗಿಲಲ್ಲಿ. ಒಂದು ಜೋಡಿಯೂ ಜೋಡಿಯಾಗಿ ಇರಲಿಲ್ಲ. ಅಭ್ಯಾಸಕ್ಕೆ ಬಗ್ಗಿ ಒಂದನ್ನು ನೇರ ಮಾಡಲು ಕೈ ಹಾಕಿದೆ. ಆಮೇಲೆ ಹಾಗೇ ಬಿಟ್ಟು ದಾಟಿಕೊಂಡು ಬಂದೆ.

ತಾಹೇರಾ